ತಾಮ್ರದ ಊರಿನ ಪೇಟೆ ಕಟ್ಟಿದವರು

ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ನಗರದ ಹಳೆಯ ಪೇಟೆಗೆ ‘ಅಪ್‌ಟೌನ್’ ಎಂದೇ ಹೆಸರು. ಗುಡ್ಡದ ಇಳಿಜಾರಿನಲ್ಲಿ ಇಟ್ಟಿಗೆಯ ಬಹುಮಹಡಿ ಕಟ್ಟಡಗಳ ಸಾಲು, ಮಗ್ಗುಲಲ್ಲೇ ಗಣಿಬಾಯಿಗಳ ಮೇಲೆ ಎದ್ದು ನಿಂತ ಕಪ್ಪು ಉಕ್ಕಿನ ಗೋಪುರಗಳು. ಈ ಪೇಟೆಯ ಕಥೆ ಸಾಮಾನ್ಯವಾಗಿ ಮಾರ್ಕಸ್ ಡೇಲಿ, ವಿಲಿಯಂ ಕ್ಲಾರ್ಕ್ ಎಂಬ ‘ತಾಮ್ರದ ದೊರೆ’ಗಳಿಂದ ಶುರುವಾಗುತ್ತದೆ. ಆದರೆ ಪೇಟೆಯನ್ನು ಬೆಳೆಸಿದ್ದು ದೊರೆಗಳ ಲಾಭಕ್ಕಿಂತ ಹೆಚ್ಚಾಗಿ ಕಾರ್ಮಿಕರ ಕೂಲಿ. 1878ರಲ್ಲೇ ಇಲ್ಲಿ ಗಣಿ ಕಾರ್ಮಿಕರ ಸಂಘ ಹುಟ್ಟಿತು, ದಿನಕ್ಕೆ 3.50 ಡಾಲರ್ ಕೂಲಿಯನ್ನು ಅದು ದಶಕಗಳ ಕಾಲ ಪಟ್ಟುಹಿಡಿದು ಉಳಿಸಿಕೊಂಡಿತು. ಹಗಲು ರಾತ್ರಿ ಪಾಳಿ ನಡೆಯುತ್ತಿದ್ದ ಊರಲ್ಲಿ ಊಟದ ಮನೆ, ಮದ್ಯದಂಗಡಿಗಳಿಗೂ ಬಾಗಿಲು ಹಾಕುವ ಹೊತ್ತೆಂಬುದು ಇರಲಿಲ್ಲ. 1911ರಲ್ಲಿ ಶುರುವಾದ ‘ಪೆಕಿನ್ ನೂಡಲ್ ಪಾರ್ಲರ್’ನಲ್ಲಿ ಇಂದಿಗೂ ಪರದೆ ಎಳೆದುಕೊಂಡು ಉಣ್ಣುವ ಮರದ ಪುಟ್ಟ ಕೋಣೆಗಳಿವೆ. ಪಾದಚಾರಿ ಹಾದಿಯಲ್ಲಿ ಅಲ್ಲಲ್ಲಿ ಗಾಜಿನ ಬಿಲ್ಲೆಗಳನ್ನು ಕೂರಿಸಿದ್ದಾರೆ. ಬಿಸಿಲು ಕುಡಿದು ನೇರಳೆಗೆ ತಿರುಗಿರುವ ಈ ಗಾಜು ನೆಲಮಾಳಿಗೆಗೆ ಬೆಳಕು ಇಳಿಸುತ್ತಿತ್ತು. ನಡೆಯುವವರ ಕಾಲಡಿಯ ಜಾಗವನ್ನೂ ಇಲ್ಲಿನ ವ್ಯಾಪಾರ ಬಿಟ್ಟಿರಲಿಲ್ಲ.

ಅಧಿಕಾರವೆಲ್ಲ ಗಣಿ ಕಂಪನಿಯದೇ ಆಗಿತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. 1898ರ ಹೆನೆಸ್ಸಿ ಕಟ್ಟಡದ ಆರನೇ ಮಹಡಿಯಲ್ಲಿ ಅನಕೊಂಡಾ ಎಂಬ ಆ ಕಂಪನಿಯ ಕಚೇರಿಯಿತ್ತು. ಮೊಂಟಾನಾದ ರಾಜಕೀಯವೂ ಅಲ್ಲಿಂದಲೇ ನಡೆಯುತ್ತಿತ್ತು. ಆದರೆ ಅದೇ ಕಟ್ಟಡದ ಕೆಳಗಿನ ಅಂಗಡಿ ನಡೆದದ್ದು ಕಾರ್ಮಿಕ ಕುಟುಂಬಗಳ ಖರೀದಿಯಿಂದ. ಪೇಟೆ ಕೂಲಿಯಿಂದಲೇ ನಡೆಯಿತೆಂಬುದಕ್ಕೆ ಬಲವಾದ ಸಾಕ್ಷ್ಯ ಸಿಗುವುದು 1955ರ ನಂತರ. ಆ ವರ್ಷ ಬರ್ಕ್ಲಿ ಪಿಟ್ ಎಂಬ ತೆರೆದ ಗಣಿ ಆರಂಭವಾಯಿತು. ತಾಮ್ರ ಬರುತ್ತಲೇ ಇತ್ತು. ಸುರಂಗಕ್ಕಿಳಿಯುವ ಕೈಗಳು ಮಾತ್ರ ಕ್ರಮೇಣ ಬೇಡವಾದವು. ಮೀಡರ್‌ವಿಲ್‌ನಂಥ ಬಡಾವಣೆಯನ್ನೇ ಗುಂಡಿ ನುಂಗಿತು, ಪೇಟೆ ಸೊರಗಿತು. ಅದು ಬದುಕಿದ್ದು ಅದಿರಿನಿಂದಲೇ ಆಗಿದ್ದರೆ ಆಗ ಸೊರಗಬೇಕಿರಲಿಲ್ಲ.

1982ರಲ್ಲಿ ಗಣಿಯ ನೀರೆತ್ತುವ ಪಂಪುಗಳನ್ನು ನಿಲ್ಲಿಸಿದ ಮೇಲೆ ಆ ಗುಂಡಿಯಲ್ಲಿ ವಿಷದ ನೀರು ತುಂಬಿಕೊಂಡಿತು. ಅದನ್ನು ಶುದ್ಧಗೊಳಿಸುವ ಹೊರೆ ಇರುವಾಗ ಪೇಟೆಯ ಹಳೆಯ ಗೋಡೆಗಳನ್ನು ಉಳಿಸಲು ಹಣವೇಕೆ ಎಂದು ಕೇಳುವವರಿದ್ದಾರೆ. ನೀರಿನ ಶುದ್ಧೀಕರಣವೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಹಾಗೆಂದು ಗೋಡೆ ಕೆಡವಿದರೆ ನೀರು ತಿಳಿಯಾಗುವುದಿಲ್ಲ. 1917ರ ಸ್ಪೆಕ್ಯುಲೇಟರ್ ಗಣಿ ದುರಂತದಲ್ಲಿ ಸತ್ತ 168 ಮಂದಿ ದುಡಿದು ಖರ್ಚು ಮಾಡಿದ ಬೀದಿಗಳಿವು. ಬ್ಯೂಟ್ 1961ರಲ್ಲೇ ರಾಷ್ಟ್ರೀಯ ಐತಿಹಾಸಿಕ ತಾಣವಾಗಿತ್ತು. 2006ರಲ್ಲಿ ಅದರ ಗಡಿಯನ್ನು ಅನಕೊಂಡಾ ಪಟ್ಟಣದವರೆಗೆ ವಿಸ್ತರಿಸಿದಾಗ, ಗಣಿಗಾರಿಕೆಯ ಜೊತೆಗೆ ಕಾರ್ಮಿಕ ಚಳವಳಿಯ ಇತಿಹಾಸವನ್ನೂ ಮಾನ್ಯತೆಗೆ ಕಾರಣವಾಗಿ ಪರಿಗಣಿಸಲಾಯಿತು.