ಡಯಾಲಿಸಿಸ್ ರೋಗಿಯ ಮರೆವು: ಮನೆಯವರು ತಿಳಿದಿರಬೇಕಾದದ್ದು



ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಡಯಾಲಿಸಿಸ್ ರೋಗಿಗಳಿಗೆ ನಮ್ಮ ಟ್ರಸ್ಟ್ ಬಸ್ ಖರ್ಚು ಹಾಗೂ ಔಷಧಿಗೆ ನೆರವು ನೀಡುತ್ತಿದೆ. ಈ ವರ್ಷ ಮನೆಮನೆಗೆ ಭೇಟಿ ಕೊಟ್ಟಾಗ ನಾವು ಹೆಚ್ಚಾಗಿ ಕೇಳಿದ ದೂರು ಒಂದೇ: "ಮಾಸ್ತರೇ, ಅಬ್ಬಾ ಹೇಳಿದ ಮಾತೇ ಕೇಳುವುದಿಲ್ಲ." ಶಿರಾಳಕೊಪ್ಪ ಕಡೆಯ ಹಿರಿಯರೊಬ್ಬರು ಬಿ.ಪಿ. ಮಾತ್ರೆಯನ್ನು ಎರಡು ಸಲ ನುಂಗಿ, ತಲೆ ಸುತ್ತಿ ಬಿದ್ದಿದ್ದರು. ಅಂಗಡಿಯ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದವರು ಅವರು. ಮನೆಯವರು ಅದನ್ನು ಹಟ ಎಂದುಕೊಂಡಿದ್ದರು. ನಾವೂ ಮೊದಲು ಹಾಗೆಯೇ ಭಾವಿಸಿದ್ದೆವು.

ಅದು ಹಟವಲ್ಲ, ಕಾಯಿಲೆಯ ಒಂದು ಭಾಗ. ಮೂತ್ರಪಿಂಡವನ್ನು ಕೆಡಿಸುವ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಮಿದುಳಿನ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತವೆ. ರಕ್ತದಲ್ಲಿ ಉಳಿಯುವ ಕಲ್ಮಶ, ರಕ್ತಹೀನತೆ, ಮನಸ್ಸಿನ ಕುಗ್ಗುವಿಕೆ ಇದಕ್ಕೆ ಸೇರುತ್ತವೆ. ಡಯಾಲಿಸಿಸ್ ನಡೆಯುವ ಸುಮಾರು ನಾಲ್ಕು ಗಂಟೆಗಳಲ್ಲಿ ರಕ್ತದೊತ್ತಡ ಇಳಿದರೆ ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ.

ಅಮೆರಿಕದ ಮಿನ್ನೆಸೋಟದಲ್ಲಿ 55 ವರ್ಷ ದಾಟಿದ ಡಯಾಲಿಸಿಸ್ ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು 37 ಮಂದಿಯಲ್ಲಿ ನೆನಪು ಮತ್ತು ಯೋಚನಾಶಕ್ತಿ ತೀವ್ರವಾಗಿ ಕುಂದಿತ್ತು. ಆದರೆ ಆಸ್ಪತ್ರೆಯ ದಾಖಲೆಯಲ್ಲಿ ಈ ತೊಂದರೆ ನಮೂದಾಗಿದ್ದದ್ದು ನೂರಕ್ಕೆ ಮೂವರಿಗೆ ಮಾತ್ರ. ಮರೆವಿನಿಂದ ಮಾತ್ರೆ ತಪ್ಪುತ್ತದೆ, ನೀರಿನ ಮಿತಿ ಮೀರುತ್ತದೆ, ಡಯಾಲಿಸಿಸ್ ದಿನವೇ ಮರೆತುಹೋಗುತ್ತದೆ. ಇಂಥ ರೋಗಿಗಳಲ್ಲಿ ಸಾವಿನ ಅಪಾಯವೂ ಹೆಚ್ಚು.

ಮನೆಯವರು ಮಾಡಬೇಕಾದದ್ದು:

1. ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಒಬ್ಬರೇ ಕೈಯಾರೆ ಕೊಡಲಿ.

2. ದಿನದ ನೀರನ್ನು ಬೆಳಿಗ್ಗೆಯೇ ಅಳೆದು ಒಂದು ಬಾಟಲಿಯಲ್ಲಿಡಿ.

3. ಮುಖ್ಯವಾದ ವಿಷಯವನ್ನು ಡಯಾಲಿಸಿಸ್ ನಡೆಯುವಾಗ ಹೇಳಬೇಡಿ. ಮರುದಿನ ಹೇಳಿ, ಆಗ ಮನಸ್ಸು ತಿಳಿಯಾಗಿರುತ್ತದೆ.

4. ಮರೆವು ಕಂಡರೆ ವೈದ್ಯರಿಗೆ ನೀವೇ ತಿಳಿಸಿ. ರೋಗಿ ತಾನಾಗಿ ಹೇಳುವುದಿಲ್ಲ.

5. ಹಿತ್ತಲಿನ ಧಾರೆಹುಳಿಯನ್ನು, ಅಂದರೆ ಕಮರಾಕ್ಷಿಯನ್ನು, ಕೊಡಲೇಬೇಡಿ. ಮೂತ್ರಪಿಂಡ ಕೆಟ್ಟವರಿಗೆ ಅದು ವಿಷ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಬಲ್ಲದು.

6. ಮಾತು ತೊದಲಿದರೆ ಅಥವಾ ಇದ್ದಕ್ಕಿದ್ದಂತೆ ಗೊಂದಲ ಉಂಟಾದರೆ ಅದು ಮರೆವಲ್ಲ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ವಿದ್ಯಾರ್ಥಿವೇತನ ಪಡೆಯುವ ಮಕ್ಕಳಿಗೆ ನಮ್ಮದೊಂದು ಮಾತು. ನಿಮ್ಮ ಮನೆಯಲ್ಲಿ ಅಥವಾ ಮೊಹಲ್ಲಾದಲ್ಲಿ ಇಂಥ ರೋಗಿಗಳಿದ್ದರೆ, ಮಾತ್ರೆಯ ಪಟ್ಟಿಯನ್ನು ಅವರು ಓದಬಲ್ಲ ಕನ್ನಡ ಅಥವಾ ಉರ್ದುವಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಡಿ. ಆದರೆ ಅಬ್ಬಾನ ಜೊತೆ ಆಸ್ಪತ್ರೆಗೆ ಹೋಗಬೇಕೆಂದು ಯಾವ ಮಗುವೂ ಶಾಲೆ ತಪ್ಪಿಸಬಾರದು. ಅದಕ್ಕೆಂದೇ, ರೋಗಿಯ ಜೊತೆ ಹೋಗುವ ಹಿರಿಯರೊಬ್ಬರ ಬಸ್ ಖರ್ಚನ್ನೂ ಬರುವ ವರ್ಷದಿಂದ ಟ್ರಸ್ಟ್ ಭರಿಸಲಿದೆ.

ಶಾಲೆಯಲ್ಲಿ ಪಾಠ ಮರೆತ ಮಗುವಿಗೆ ಬೈದಾಗ ಇದ್ದ ನೆನಪೂ ಹೋಗುತ್ತಿದ್ದುದನ್ನು ನಾವು ಕಂಡಿದ್ದೇವೆ. ರೋಗಿಯ ವಿಷಯದಲ್ಲೂ ಅಷ್ಟೇ. ಬೈಯುವುದು ಬೇಡ, ಅವರ ನೆನಪಿನ ಭಾರವನ್ನು ನಾವು ಸ್ವಲ್ಪ ಹೊರೋಣ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.