ಕೋಲಾರದ ಗಣಿಯೂ ಅಣುಬೀಜದ ಗುಟ್ಟೂ

ಕೋಲಾರದ ಚಿನ್ನದ ಗಣಿಯ ಹೆಸರನ್ನು ಕೇಳದ ಕನ್ನಡಿಗನಿಲ್ಲ. ೧೮೮೦ರ ಸುಮಾರಿನಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಕಾಲಿಟ್ಟುದು, ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬೆಂಗಳೂರನ್ನು ಸೇರುವುದಕ್ಕೆ ಮೊದಲೇ ಆ ಗಣಿಗಳನ್ನು ಸೇರಿದುದು, ೧೯೫೬ರಲ್ಲಿ ಮೈಸೂರು ಸರ್ಕಾರವು ಅವುಗಳನ್ನು ವಹಿಸಿಕೊಂಡುದು, ಕಡೆಗೆ ೨೦೦೧ರ ಫೆಬ್ರವರಿಯಲ್ಲಿ ಅವು ಮುಚ್ಚಿಹೋದುದು, ಇವೆಲ್ಲ ನಮ್ಮ ವಾಚಕರು ಬಲ್ಲ ಸಂಗತಿಗಳೇ ಸರಿ. ಆದರೆ ಅದೇ ಗಣಿಯೊಳಗೆ ೧೯೬೫ರಲ್ಲಿ ಚಿನ್ನಕ್ಕಿಂತಲೂ ದುರ್ಲಭವಾದೊಂದು ಪದಾರ್ಥವು ಭಾರತೀಯರ ಕೈಗೆ ಸಿಕ್ಕಿತೆಂಬುದನ್ನು ಬಲ್ಲವರು ಎಷ್ಟು ಮಂದಿ? ಆ ಪದಾರ್ಥದ ಹೆಸರು ನ್ಯೂಟ್ರಿನೋ. ಇಂದು ಜಪಾನು, ಇಟಲಿ, ಜರ್ಮನಿ, ಅಮೆರಿಕ, ಚೀನ ದೇಶಗಳ ಪಂಡಿತರು ಹಗಲಿರುಳೂ ಅದರ ಬೆನ್ನು ಹತ್ತಿರುವರು. ಮೊದಲ ಸಾಲಿನಲ್ಲಿದ್ದ ನಾವು ಈಗ ಎಲ್ಲಿದ್ದೇವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಕಣವು ಮೊದಲು ಹುಟ್ಟಿದುದು ಲೆಕ್ಕದ ಪುಸ್ತಕದಲ್ಲಿ ಎಂದರೆ ತಪ್ಪಾಗಲಾರದು. ಪ್ರತಿಯೊಂದು ಪರಮಾಣುವಿನ ನಡುವೆಯೂ ನ್ಯೂಕ್ಲಿಯಸ್ ಎಂಬ ಬೀಜವಿದೆ. ಅದನ್ನು ಅಣುಬೀಜವೆಂದು ಕರೆಯೋಣ. ಪ್ರೋಟಾನು ಮತ್ತು ನ್ಯೂಟ್ರಾನುಗಳಿಂದ ಕೂಡಿದ ಈ ಬೀಜಗಳಲ್ಲಿ ಕೆಲವು ತಾವಾಗಿಯೇ ಒಂದು ಎಲೆಕ್ಟ್ರಾನನ್ನು ಹೊರಕ್ಕೆಸೆದು ಬೇರೊಂದು ಧಾತುವಿನ ಬೀಜವಾಗಿ ಮಾರ್ಪಡುತ್ತವೆ. ಇದಕ್ಕೆ ಬೀಟಾ ಕ್ಷಯವೆಂದು ಹೆಸರು. ಹೀಗೆ ಮಾರ್ಪಡುವಾಗ ಬಿಡುಗಡೆಯಾಗಬೇಕಾದ ಶಕ್ತಿ ಇಷ್ಟೇ ಎಂದು ಗೊತ್ತಿದ್ದರೂ, ಹೊರಬಂದ ಎಲೆಕ್ಟ್ರಾನುಗಳು ಒಂದೊಂದು ಸಲ ಒಂದೊಂದು ಪ್ರಮಾಣದ ಶಕ್ತಿಯನ್ನು ಹೊತ್ತು ಬರುವುದನ್ನು ೧೯೧೪ರಲ್ಲಿ ಚಾಡ್ವಿಕ್ ಎಂಬ ಆಂಗ್ಲ ಪಂಡಿತನು ತೋರಿಸಿದನು. ಜಮೆಗೂ ಖರ್ಚಿಗೂ ತಾಳೆಯಾಗಲಿಲ್ಲ. ಪ್ರಕೃತಿಯ ಲೆಕ್ಕದಲ್ಲಿಯೇ ಸೋರಿಕೆಯುಂಟೆಂದು ಹೇಳುವ ಧೈರ್ಯವನ್ನು ಕೆಲವರು ಮಾಡಿದರು. ಆದರೆ ೧೯೩೦ರ ಡಿಸೆಂಬರಿನಲ್ಲಿ ಪೌಲಿ ಎಂಬಾತನು, ಲೆಕ್ಕ ಸರಿಯಾಗಿಯೇ ಇದೆ, ಬಾಕಿಯನ್ನು ಕಣ್ಣಿಗೆ ಕಾಣದ ಮತ್ತೊಂದು ಕಣವು ಒಯ್ಯುತ್ತಿದೆ ಎಂದು ತನ್ನ ಮಿತ್ರರಿಗೆ ಪತ್ರ ಬರೆದನು. ಇಟಲಿಯ ಫರ್ಮಿಯು ೧೯೩೪ರಲ್ಲಿ ಆ ಊಹೆಯ ಮೇಲೆ ಒಂದು ಸಿದ್ಧಾಂತವನ್ನು ಕಟ್ಟಿದನು. ೧೯೫೬ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಎಂಬವರು ಅಣುಶಕ್ತಿಯ ಕುಲುಮೆಯೊಂದರ ಬಳಿ ಆ ಕಣವನ್ನು ಪ್ರತ್ಯಕ್ಷವಾಗಿ ಹಿಡಿದರು. ಇಪ್ಪತ್ತಾರು ವರ್ಷಗಳ ಹಿಂದೆ ಬರೆದ ಖರ್ಚಿನ ಕಲಮಿಗೆ ಆಗ ರಸೀತಿ ದೊರೆತಂತಾಯಿತು.

ಇಷ್ಟು ಕಷ್ಟವೇಕೆಂದರೆ, ನ್ಯೂಟ್ರಿನೋವು ಯಾವುದನ್ನೂ ತಡೆಯೆಂದು ಎಣಿಸುವುದಿಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೋಗಳು ಉಗುರಿನಷ್ಟಗಲದ ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮಿಕ್ಕಿ ನಮ್ಮ ಮೈಯನ್ನು ದಾಟಿಹೋಗುತ್ತಿದ್ದರೂ ನಮಗೆ ಅದರ ಅರಿವಿಲ್ಲ, ಅದರಿಂದ ಯಾವ ಬಾಧೆಯೂ ಇಲ್ಲ. ಅಪರೂಪಕ್ಕೊಮ್ಮೆ ಒಂದು ಎಲ್ಲಿಯೋ ತಾಕಿದುದನ್ನು ಗುರುತಿಸಬೇಕಾದರೆ, ಆಕಾಶದಿಂದ ಸುರಿಯುವ ಇತರ ಕಣಗಳ ಗದ್ದಲವಿಲ್ಲದ ಜಾಗ ಬೇಕು. ನೆಲದ ಮೇಲೆ ನಮ್ಮ ಅಂಗೈಯೊಂದನ್ನೇ ನಿಮಿಷಕ್ಕೆ ನೂರರ ಸುಮಾರಿಗೆ ಅಂತಹ ಕಣಗಳು ದಾಟುತ್ತವೆ. ಆ ಗದ್ದಲದಿಂದ ತಪ್ಪಿಸಿಕೊಳ್ಳಲು ಭೂಗರ್ಭವನ್ನು ಹೊಗುವುದೇ ದಾರಿ. ಕೋಲಾರದ ಹಿರಿಮೆ ಇಲ್ಲಿಯೇ ಇದೆ.

ಹೋಮಿ ಭಾಭಾ ಅವರ ಸೂಚನೆಯಂತೆ ಮೈಸೂರು ಸೀಮೆಯವರೇ ಆದ ಬಿ. ವಿ. ಶ್ರೀಕಂಠನ್ ಅವರು ೧೯೫೧ರಲ್ಲಿ ಉಪಕರಣಗಳೊಡನೆ ಆ ಗಣಿಗೆ ಇಳಿದರು. ಆಳವಾದಂತೆ ಕಣಗಳ ಸಂಖ್ಯೆ ಇಳಿಯುತ್ತ ಬಂದಿತು; ಅತ್ಯಂತ ಆಳದ ನೆಲೆಯಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಕಾಣಲಿಲ್ಲ. ಈ ನಿಶ್ಶಬ್ದವೇ ನ್ಯೂಟ್ರಿನೋವನ್ನು ಆಲಿಸಲು ತಕ್ಕ ಸ್ಥಳವೆಂದು ಆಗ ತಿಳಿಯಿತು. ಮುಂಬಯಿಯ ಟಾಟಾ ಮೂಲಸಂಶೋಧನ ಸಂಸ್ಥೆಯವರು ಎಂ. ಜಿ. ಕೆ. ಮೆನನ್ ಅವರ ಮುಂದಾಳುತನದಲ್ಲಿ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿದ್ಯಾಪೀಠಗಳವರೊಡನೆ ಸೇರಿ, ಸುಮಾರು ೨.೩ ಕಿಲೋಮೀಟರು ಆಳದಲ್ಲಿ ಯಂತ್ರಗಳನ್ನು ನಿಲ್ಲಿಸಿದರು. ವಾಯುಮಂಡಲದಲ್ಲಿ ತಾನಾಗಿ ಹುಟ್ಟಿದ ನ್ಯೂಟ್ರಿನೋದ ಗುರುತು ೧೯೬೫ರಲ್ಲಿ ಅಲ್ಲಿ ದೊರೆಯಿತು. ಅದೇ ವರ್ಷ ರೈನ್ಸರ ತಂಡದವರು ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಅದನ್ನೇ ಕಂಡರಾದರೂ, ಮೊದಲು ಪ್ರಕಟಿಸಿದವರು ಕೋಲಾರದವರು. ಸುಡುವ ಬಂಡೆಗಳ ನಡುವೆ ಆ ಆಳವನ್ನು ತೋಡಿದ ಗಣಿಯ ಕಾರ್ಮಿಕರ ಬೆವರಿಲ್ಲದೆ ಈ ಕೀರ್ತಿಯು ಯಾರಿಗೂ ಬರುತ್ತಿರಲಿಲ್ಲವೆಂಬುದನ್ನು ನಾವು ಮರೆಯತಕ್ಕದ್ದಲ್ಲ.

ಅಣುಬೀಜದ ಲೆಕ್ಕದಲ್ಲಿ ಹುಟ್ಟಿದ ಈ ಕಣವು ಮುಂದೆ ಬಹುಮಟ್ಟಿಗೆ ಕಣವಿಜ್ಞಾನಿಗಳ ಸೊತ್ತಾಯಿತು. ಅಣುಬೀಜವನ್ನು ಅಭ್ಯಾಸ ಮಾಡುವವರು ಒಂದು ಮನೆಯವರಾಗಿಯೂ, ಮೂಲಕಣಗಳನ್ನು ಅಭ್ಯಾಸ ಮಾಡುವವರು ಇನ್ನೊಂದು ಮನೆಯವರಾಗಿಯೂ ಬೇರೆಬೇರೆ ಒಲೆ ಹೂಡಿದರು. ನ್ಯೂಟ್ರಿನೋಗಳು ದಾರಿಯಲ್ಲಿ ತಮ್ಮ ಜಾತಿಯನ್ನು ಬದಲಿಸುತ್ತವೆಂದು ೧೯೯೮ರಲ್ಲಿ ಜಪಾನಿನವರೂ, ೨೦೦೧-೦೨ರಲ್ಲಿ ಕೆನಡದವರೂ ತೋರಿಸಿದರು. ಇದಕ್ಕಾಗಿ ಕಜಿತ ಮತ್ತು ಮೆಕ್‌ಡೊನಾಲ್ಡ್ ಅವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಿಕವು ಸಂದಿತು. ಜಾತಿ ಬದಲಾಗಬೇಕಾದರೆ ತೂಕವಿರಲೇಬೇಕು. ಆದರೆ ತೂಕವೆಷ್ಟು? ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಟ್ರಿಟಿಯಮ್ಮಿನ ಬೀಟಾ ಕ್ಷಯವನ್ನು ಬಹು ಸೂಕ್ಷ್ಮವಾಗಿ ಅಳೆಯುತ್ತಿರುವವರು, ಅದು ಎಲೆಕ್ಟ್ರಾನಿನ ತೂಕದ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆಯೆಂದು ೨೦೨೫ರಲ್ಲಿ ಪ್ರಕಟಿಸಿರುವರು. ಹೀಗೆ ಕಣದ ತೂಕವನ್ನು ಕೇಳಲು ಹೊರಟವರು ಮತ್ತೆ ಅಣುಬೀಜದ ಬಾಗಿಲಿಗೇ ಬರಬೇಕಾಯಿತು. ಇಂದಿನ ಸಂಶೋಧನೆಯ ವಿಶೇಷವು ಇದೇ: ಬೇರೆಯಾದ ಎರಡು ಮನೆಗಳು ಮತ್ತೆ ಒಂದಾಗದೆ ಗತ್ಯಂತರವಿಲ್ಲ.

ಇದಕ್ಕಿಂತಲೂ ಆಳವಾದೊಂದು ಪ್ರಶ್ನೆಯುಂಟು. ಪ್ರತಿಯೊಂದು ಕಣಕ್ಕೂ ಅದಕ್ಕೆ ವಿರುದ್ಧವಾದ ಪ್ರತಿಕಣವೊಂದಿದೆ. ನ್ಯೂಟ್ರಿನೋಕ್ಕೆ ವಿದ್ಯುತ್ತಿನ ಅಂಶವಿಲ್ಲವಾದ್ದರಿಂದ, ಅದು ತನಗೆ ತಾನೇ ಪ್ರತಿಕಣವಾಗಿರಬಹುದೆಂಬ ದಾರಿಯನ್ನು ೧೯೩೭ರಲ್ಲಿ ಇಟಲಿಯ ಮಯೊರಾನ ಎಂಬ ತರುಣನು ತೋರಿಸಿದನು. ಅದು ನಿಜವಾದ ಪಕ್ಷದಲ್ಲಿ, ವಿಶ್ವದಲ್ಲಿ ದ್ರವ್ಯವೇ ಏಕೆ ಉಳಿಯಿತು, ಪ್ರತಿದ್ರವ್ಯವು ಏಕೆ ಕಾಣದಾಯಿತು, ನಾವೆಲ್ಲರೂ ಏಕೆ ಇದ್ದೇವೆ ಎಂಬ ಪ್ರಶ್ನೆಗೂ ಒಂದು ಸುಳಿವು ಸಿಗಬಹುದು. ಇದನ್ನು ಪರೀಕ್ಷಿಸಲು ಪಂಡಿತರು ನಂಬಿರುವ ಮುಖ್ಯ ದಾರಿ ಅಣುಬೀಜದ ಜೋಡಿಕ್ಷಯವಾಗಿದೆ. ಕೆಲವು ಬೀಜಗಳಲ್ಲಿ ಎರಡು ನ್ಯೂಟ್ರಾನುಗಳು ಒಮ್ಮೆಗೇ ಮಾರ್ಪಡಬಹುದೆಂದು ೧೯೩೫ರಲ್ಲಿ ಮರಿಯ ಗೋಪರ್ಟ್ ಮೇಯರ್ ಎಂಬ ವಿದುಷಿಯು ಗಣಿಸಿದರು. ಆಗ ಎರಡು ಎಲೆಕ್ಟ್ರಾನುಗಳ ಜೊತೆಗೆ ಎರಡು ಪ್ರತಿನ್ಯೂಟ್ರಿನೋಗಳೂ ಹೊರಬರಬೇಕು. ಇದನ್ನು ೧೯೮೭ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ನೇರವಾಗಿ ಕಂಡುದೂ ಆಯಿತು. ಆದರೆ ಮಯೊರಾನನ ಮಾತು ನಿಜವಾಗಿದ್ದರೆ, ನ್ಯೂಟ್ರಿನೋಗಳಾವುವೂ ಹೊರಬಾರದೆ ಎಲೆಕ್ಟ್ರಾನುಗಳೆರಡೇ ಇಡೀ ಶಕ್ತಿಯನ್ನು ಹೊತ್ತು ಬರುವ ಕ್ಷಯವೂ ಸಾಧ್ಯವೆಂದು ಫರಿ ಎಂಬಾತನು ೧೯೩೯ರಲ್ಲಿ ತೋರಿಸಿದನು. ಅಂತಹ ಕ್ಷಯವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಕಂಡವರು ಇದುವರೆಗೂ ಯಾರೂ ಇಲ್ಲ.

ಕಾಣದಿರುವುದು ಆಶ್ಚರ್ಯವೂ ಅಲ್ಲ. ಜಪಾನಿನ ಕಾಮಿಯೋಕ ಗಣಿಯಲ್ಲಿ ೭೪೫ ಕಿಲೋಗ್ರಾಮು ಝೀನಾನನ್ನು ಇಟ್ಟುಕೊಂಡು ವರ್ಷಗಟ್ಟಲೆ ಕಾದವರು, ಈ ಕ್ಷಯವೇನಾದರೂ ಇದ್ದರೆ ಅದರ ಅರ್ಧಾಯುಸ್ಸು ೩೮ರ ಮುಂದೆ ೨೫ ಸೊನ್ನೆಗಳನ್ನು ಬರೆದಷ್ಟು ವರ್ಷಗಳಿಗಿಂತ ಹೆಚ್ಚಾಗಿರಬೇಕೆಂದು ೨೦೨೪ರಲ್ಲಿ ತಿಳಿಸಿದರು. ವಿಶ್ವದ ವಯಸ್ಸಾದರೋ ಸುಮಾರು ೧೩೮೦ ಕೋಟಿ ವರ್ಷ ಮಾತ್ರ. ಒಂದು ಪರಮಾಣುವಿನ ಮುಂದೆ ಕುಳಿತು ಇಷ್ಟು ಕಾಲ ಕಾಯಲು ಯಾರಿಂದಲೂ ಆಗದು. ಆದರೆ ಒಂದು ಟನ್ನು ಝೀನಾನಿನಲ್ಲಿ ೪ರ ಮುಂದೆ ೨೭ ಸೊನ್ನೆಗಳಷ್ಟು ಪರಮಾಣುಗಳಿರುವುದರಿಂದ, ವರ್ಷಕ್ಕೆ ಕೆಲವಾದರೂ ಮಾರ್ಪಟ್ಟಾವೆಂಬ ಆಸೆಯಿಂದ ಕಾಯುತ್ತಾರೆ. ಇಟಲಿಯ ಗ್ರಾನ್ ಸಾಸೋ ಪರ್ವತದ ಅಡಿಯಲ್ಲಿ ಜರ್ಮೇನಿಯಮ್ ಮತ್ತು ಟೆಲ್ಲೂರಿಯಮ್ಮುಗಳ ಮುಂದೆ ಇದೇ ತಪಸ್ಸು ನಡೆದಿದೆ.

ಒಂದು ವೇಳೆ ನಾಳೆಯೇ ಆ ಕ್ಷಯವು ಕಂಡಿತೆನ್ನೋಣ. ಅದರ ವೇಗದಿಂದ ನ್ಯೂಟ್ರಿನೋದ ತೂಕವನ್ನು ತಿಳಿಯಬಹುದೆ? ಇಲ್ಲಿಯೇ ಅಣುಬೀಜದ ಪಂಡಿತರ ಸಹಾಯವಿಲ್ಲದೆ ಕಣದ ಪಂಡಿತರಿಗೆ ಒಂದು ಹೆಜ್ಜೆಯೂ ಸಾಗದು. ಹಿಂದೆ ನಮ್ಮ ಸೀಮೆಯಲ್ಲಿ ಕೊಳಗದ ಅಳತೆಯು ಊರಿಂದೂರಿಗೆ ಬೇರೆಯಾಗಿತ್ತು. ಇಷ್ಟು ಕೊಳಗ ರಾಗಿ ಎಂದು ಕೇಳಿದ ಮಾತ್ರಕ್ಕೆ ನಿಜವಾದ ರಾಶಿಯು ತಿಳಿಯುತ್ತಿರಲಿಲ್ಲ, ಯಾವ ಊರಿನ ಕೊಳಗವೆಂದು ಕೇಳಬೇಕಾಗಿತ್ತು. ಇಲ್ಲಿ ಅಣುಬೀಜದ ಒಳರಚನೆಯೇ ಆ ಕೊಳಗ. ನೂರಕ್ಕೂ ಹೆಚ್ಚು ಪ್ರೋಟಾನು ನ್ಯೂಟ್ರಾನುಗಳು ಪರಸ್ಪರ ಸೆಳೆದು ನೂಕಿ ಕೂಡಿರುವ ಝೀನಾನಿನ ಬೀಜವನ್ನು ಗಣಿತದಲ್ಲಿ ಹಿಡಿಯುವುದು ಸಾಮಾನ್ಯವಲ್ಲ. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಎರಡು ಮೂರು ಪಟ್ಟು ವ್ಯತ್ಯಾಸವಿದೆ. ಆದರೂ ನಿರಾಶೆಗೆ ಕಾರಣವಿಲ್ಲ. ಸಾಮಾನ್ಯ ಬೀಟಾ ಕ್ಷಯವು ಲೆಕ್ಕದಲ್ಲಿ ಬರುವುದಕ್ಕಿಂತ ನಿಧಾನವಾಗಿ ನಡೆಯುತ್ತದೆಂಬ ತೊಡಕೊಂದು ಅರ್ಧ ಶತಮಾನದಿಂದ ಇತ್ತು. ಪಂಡಿತರು ಕಾರಣ ತಿಳಿಯದೆಯೇ ಲೆಕ್ಕದಲ್ಲಿ ಒಂದಿಷ್ಟು ಕಡಿತ ಮಾಡಿ ಸಮಾಧಾನಪಡುತ್ತಿದ್ದರು. ಕಣಗಳ ನಡುವಣ ಬಲದಿಂದಲೇ ಮೊದಲುಮಾಡಿ, ಅವು ಎರಡೆರಡಾಗಿ ಕೂಡಿ ವರ್ತಿಸುವುದನ್ನೂ ಲೆಕ್ಕಕ್ಕೆ ಹಿಡಿದರೆ ಆ ಕಡಿತವೇ ಬೇಕಾಗದೆಂದು ೨೦೧೯ರಲ್ಲಿ ತೋರಿಸಿರುವರು. ಅದೇ ಕ್ರಮವನ್ನು ಜೋಡಿಕ್ಷಯಕ್ಕೂ ಅನ್ವಯಿಸುವ ಕೆಲಸವು ಈಗ ನಡೆಯುತ್ತಿದೆ.

ಈ ಮಹಾಕಾರ್ಯದಲ್ಲಿ ನಮ್ಮ ದೇಶದ ಪಾಲೇನು? ಕೋಲಾರದಲ್ಲಿ ೧೯೮೦ರಿಂದ ಪ್ರೋಟಾನಿನ ಕ್ಷಯವನ್ನು ಹುಡುಕುವ ೧೪೦ ಟನ್ನಿನ ಯಂತ್ರವು ಕೆಲಸಮಾಡಿತು. ೧೯೯೦ರ ದಶಕದ ಆರಂಭದಲ್ಲಿ ಅಲ್ಲಿಯ ಪ್ರಯೋಗಗಳು ನಿಂತವು. ಗಣಿಯು ಮುಚ್ಚಿದ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅನಂತರ ತಮಿಳುನಾಡಿನ ತೇಣಿ ಜಿಲ್ಲೆಯ ಬೋಡಿ ಬೆಟ್ಟದೊಳಗೆ ಸುಮಾರು ಎರಡು ಕಿಲೋಮೀಟರು ಸುರಂಗವನ್ನು ತೋಡಿ, ೫೦ ಸಾವಿರ ಟನ್ನಿನ ಯಂತ್ರವನ್ನು ನಿಲ್ಲಿಸುವ ಯೋಜನೆಗೆ ಕೇಂದ್ರ ಸರ್ಕಾರವು ೨೦೧೫ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ತವರದ ಬೀಜದಲ್ಲಿ ಜೋಡಿಕ್ಷಯವನ್ನು ಹುಡುಕುವ ಪ್ರಯೋಗವನ್ನೂ ಟಾಟಾ ಸಂಸ್ಥೆಯವರು ಅಲ್ಲಿಗೆಂದೇ ಸಿದ್ಧಪಡಿಸುತ್ತಿದ್ದರು. ಆ ಸುರಂಗವು ಇಂದಿಗೂ ಆಗಿಲ್ಲ. ಜಾರ್ಖಂಡದ ಜಾದೂಗುಡದ ಯುರೇನಿಯಮ್ ಗಣಿಯಲ್ಲಿ ೫೫೫ ಮೀಟರು ಆಳದಲ್ಲಿ ೨೦೧೭ರಲ್ಲಿ ತೆರೆದ ಚಿಕ್ಕ ಪ್ರಯೋಗಶಾಲೆಯೊಂದು ಉಂಟು. ಆದರೆ ಕೋಲಾರದ ಆಳಕ್ಕೆ ಅದು ಕಾಲು ಪಾಲಿನಷ್ಟೂ ಇಲ್ಲ. ಇತ್ತ ಚೀನದವರು ಗುವಾಂಗ್‌ಡೋಂಗಿನಲ್ಲಿ ೨೦ ಸಾವಿರ ಟನ್ನು ದ್ರವದ ಯಂತ್ರವನ್ನು ಕಟ್ಟಿ ಮುಗಿಸಿ, ೨೦೨೫ರ ಆಗಸ್ಟಿನಲ್ಲಿ ಎಣಿಕೆಯನ್ನು ಪ್ರಾರಂಭಿಸಿಯೂ ಬಿಟ್ಟರು.

ಬೋಡಿ ಬೆಟ್ಟದ ಸುತ್ತಣ ಜನರನ್ನು ಅಜ್ಞಾನಿಗಳೆಂದು ಹಳಿಯುವವರೊಡನೆ ನಾವು ಸೇರಲಾರೆವು. ಪಶ್ಚಿಮ ಘಟ್ಟದ ಬಂಡೆಯನ್ನು ಒಡೆದರೆ ನೀರಿಗೂ ಕಾಡಿಗೂ ಏನಾಗುವುದೆಂದು ಕೇಳುವುದು ಅವರ ಹಕ್ಕು. ಆ ಪ್ರಶ್ನೆಗೆ ಉತ್ತರ ಕೊಡುವುದು ಸರ್ಕಾರದ ಕರ್ತವ್ಯ. ಆದರೆ ನ್ಯೂಟ್ರಿನೋದಿಂದಲೇ ಅಪಾಯವೆಂಬುದೂ, ಅಲ್ಲಿ ಅಣುಶಕ್ತಿಯ ಕಸವನ್ನು ಹೂಳುವರೆಂಬುದೂ ಬರಿಯ ವದಂತಿ. ವದಂತಿಯು ಊರೂರನ್ನು ಸುತ್ತಿದ ಮೇಲೆ ವಿವರಣೆಯು ಹೊರಟರೆ ಅದನ್ನು ಕೇಳುವವರಾರು? ಹಳ್ಳಿಗರ ಭಾಷೆಯಲ್ಲಿ, ಹಳ್ಳಿಗರ ಚಾವಡಿಯಲ್ಲಿ, ಕೆಲಸಕ್ಕೆ ಮೊದಲೇ ಈ ಮಾತುಗಳು ನಡೆಯತಕ್ಕದ್ದಾಗಿತ್ತು. ಸಮ್ಮತಿಯನ್ನು ಪಡೆಯದೆ ಕಟ್ಟುವ ಪ್ರಯೋಗಶಾಲೆಯು ಸ್ವತಂತ್ರ ದೇಶಕ್ಕೆ ಶೋಭಿಸದು. ಸಮ್ಮತಿಯನ್ನು ಕೇಳುವ ಶ್ರಮವನ್ನೇ ವಹಿಸದೆ ವರ್ಷಗಳನ್ನು ಕಳೆಯುವುದೂ ಶೋಭಿಸದು.

ಆದುದರಿಂದ ನಮ್ಮ ಬಿನ್ನಹವು ಮೂರು ವಿಧ. ಕೇಂದ್ರ ಸರ್ಕಾರವು ಈ ವಿಷಯದಲ್ಲಿ ಗೊತ್ತಾದ ಅವಧಿಯೊಳಗೆ ಸ್ಪಷ್ಟವಾದ ನಿರ್ಣಯವನ್ನು ಸಾರಲಿ. ಆ ಬೆಟ್ಟವಾದರೆ ಅಲ್ಲಿಯ ಜನರ ಒಪ್ಪಿಗೆಯಿಂದ, ಅದಾಗದಿದ್ದರೆ ಬೇರೊಂದು ತಕ್ಕ ಸ್ಥಳದಲ್ಲಿ ಕೆಲಸವು ಮೊದಲಾಗಲಿ. ನಮ್ಮ ವಿಶ್ವವಿದ್ಯಾನಿಲಯಗಳು ಅಣುಬೀಜದ ಗಣಿತವನ್ನೂ ಕಣಗಳ ಶಾಸ್ತ್ರವನ್ನೂ ಬಲ್ಲ ತರುಣರನ್ನು ತಯಾರಿಸಲಿ. ಇದಕ್ಕೆ ಬೆಟ್ಟವನ್ನು ಕೊರೆಯುವವರೆಗೂ ಕಾಯಬೇಕಾಗಿಲ್ಲ. ಕೋಲಾರದ ಗಣಿಯ ಬಾಯಿಯಲ್ಲಿ, ೧೯೬೫ರಲ್ಲಿ ಇಲ್ಲಿ ಏನು ನಡೆಯಿತೆಂಬುದನ್ನು ಕನ್ನಡದಲ್ಲಿಯೂ, ಆ ಕಾರ್ಮಿಕರ ತಮಿಳು ತೆಲುಗುಗಳಲ್ಲಿಯೂ ಹೇಳುವ ಒಂದು ಕಲ್ಲನ್ನಾದರೂ ನಮ್ಮ ಸರ್ಕಾರವು ನಿಲ್ಲಿಸಲಿ. ಚಿನ್ನವನ್ನು ಅನ್ಯರು ಹೊತ್ತೊಯ್ದರೆಂದು ನಾವು ಬಹುಕಾಲ ದುಃಖಿಸಿದ್ದೇವೆ. ಆ ಗಣಿಯು ಕೊಟ್ಟ ವಿದ್ಯೆಯನ್ನಾದರೋ ಯಾರೂ ಒಯ್ದುದಲ್ಲ. ಅದನ್ನು ಬೆಳೆಸದೆ ಬಿಟ್ಟವರು ನಾವೇ.