ವಿಷ ಇಲ್ಲ, ಬರೀ ವೇಷ!

ಕರಿಬೇವಿನ ಗಿಡದ ಸುತ್ತ ಈ ಚಿಟ್ಟೆ ಸುಳಿದಾಡೋದು ನೋಡಿದ್ದೀರಾ?
ಕಪ್ಪು ರೆಕ್ಕೆ.
ನಡುವೆ ಬಿಳಿ ಮಚ್ಚೆ, ಅಂಚಲ್ಲಿ ಕೆಂಪು ಚುಕ್ಕಿ.
ಕಾಮನ್ ರೋಸ್ ಅಂದ್ಬಿಟ್ರಾ?

ತಡೀರಿ.
ರೆಕ್ಕೆ ಬಿಡಿ, ಮೈ ನೋಡಿ.
ಮೈ ಕೆಂಪಾಗಿದ್ರೆ, ರೋಸ್.
ಕಪ್ಪಾಗಿದ್ರೆ, ಕಾಮನ್ ಮಾರ್ಮನ್.
ಅದೂ ವೇಷ ಹಾಕಿದ ಹೆಣ್ಣು!

ಯಾಕೀ ವೇಷ?
ರೋಸ್, ಹುಳುವಾಗಿದ್ದಾಗ ಈಶ್ವರಿ ಬಳ್ಳಿ ಎಲೆ ತಿನ್ನುತ್ತೆ.
ಆ ಎಲೆಯ ವಿಷ ಮೈಯಲ್ಲೇ ಉಳಿಯುತ್ತೆ.
ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಮುಟ್ಟಲ್ಲ.
ಮಾರ್ಮನ್‌ಗೆ ವಿಷ ಇಲ್ಲ.
ನಾಟಕದ ಪೊಲೀಸ್ ಥರ,
ಖಾಕಿ ನೋಡಿಯೇ ಕಳ್ಳ ಓಡಬೇಕು!

ಫೋಟೊ ಬೇಕಾ?
ಬೆಳಗಿನ ಎಳೆಬಿಸಿಲಲ್ಲಿ ಹೋಗಿ.
ಚಿಟ್ಟೆ ರೆಕ್ಕೆ ಬಿಚ್ಚಿ ಮೈ ಕಾಯಿಸ್ತಾ ಕೂತಿರುತ್ತೆ.
ನಿಮ್ಮ ನೆರಳು ಬಿತ್ತೋ, ಹಾರಿಹೋಯ್ತು!
ರೆಕ್ಕೆ ಮೇಲ್ಬದಿ ಒಂದು,
ಕೆಳಬದಿ ಒಂದು,
ಪಕ್ಕದಿಂದ ಮೈ ಕಾಣೋ ಹಾಗೆ ಒಂದು.
ಮೂರು ಫೋಟೊ ಇದ್ರೆ ಗುರುತು ಹಿಡಿಯೋದು ಸಲೀಸು.

ಹಿಡಿದು ಪಿನ್ ಚುಚ್ಚೋದು ಮಾತ್ರ ಬೇಡ.
ಎಷ್ಟೋ ಚಿಟ್ಟೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಕೊನೇ ಮಾತು.
ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಏನೋ ಅಂಟಿದ್ಯಾ?
ಕೊಡವಬೇಡಿ.
ಅದು ಮಾರ್ಮನ್ ಮರಿಹುಳು ಇರಬಹುದು!